ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ನಂಜುನಿರೋಧಕ ದ್ರಾವಣಗಳಿಂದ ಚರ್ಮಕ್ಕಾಗುವ ಗಾಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಸ್ತ್ರಚಿಕಿತ್ಸೆ ನಡೆದದ್ದು ಹೊಟ್ಟೆಗೆ. ಆದರೆ ಸುಟ್ಟಂತಹ ಗಾಯ ಸೊಂಟದ ಹಿಂಭಾಗದಲ್ಲಿದೆ. ಇದು ಹೇಗೆ ಸಾಧ್ಯ?

ಕೊಯ್ಯುವ ಮುನ್ನ ಚರ್ಮಕ್ಕೆ ನಂಜುನಿರೋಧಕ ದ್ರಾವಣವನ್ನು ಬಳಿಯುತ್ತಾರೆ. ಓಟಿಯ (ಶಸ್ತ್ರಚಿಕಿತ್ಸಾ ಕೊಠಡಿಯ) ಮಾತಿನಲ್ಲಿ ಇದಕ್ಕೆ ‘ಪೇಂಟ್ ಮಾಡುವುದು’ ಎನ್ನುತ್ತಾರೆ. ಹತ್ತಿಯೋ ಗಾಜ್ ಬಟ್ಟೆಯೋ ದ್ರಾವಣದಲ್ಲಿ ತೊಟ್ಟಿಕ್ಕುವಷ್ಟು ತೊಯ್ದಿದ್ದರೆ, ಹೆಚ್ಚಾದದ್ದು ಹೊಟ್ಟೆಯ ಎರಡೂ ಪಕ್ಕದಿಂದ ಇಳಿದು ಬೆನ್ನಿನ ಅಡಿಗೆ ಸೇರುತ್ತದೆ. ಅಲ್ಲಿ ಗಾಳಿಯಿಲ್ಲ, ಆದ್ದರಿಂದ ಅದು ಒಣಗುವುದಿಲ್ಲ. ಮೇಲಿನಿಂದ ಮೈಭಾರ ಒತ್ತುತ್ತಿರುತ್ತದೆ, ಕೆಳಗೆ ನೆನೆದ ಬೆಡ್‌ಶೀಟು ಅಥವಾ ರೆಕ್ಸಿನ್ ಹೊದಿಕೆ ಇರುತ್ತದೆ. ಎರಡು ಮೂರು ಗಂಟೆಗಳ ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಚರ್ಮವು ಆ ದ್ರಾವಣದಲ್ಲಿಯೇ ನೆನೆದು ಮೆತ್ತಗಾಗುತ್ತದೆ. ಪ್ರಜ್ಞೆಯಿದ್ದ ಮನುಷ್ಯನಾಗಿದ್ದರೆ ಐದೇ ನಿಮಿಷಕ್ಕೆ ‘ಬೆನ್ನು ಉರಿಯುತ್ತಿದೆ’ ಎಂದು ಮಗ್ಗುಲು ಬದಲಿಸುತ್ತಿದ್ದ. ಅರಿವಳಿಕೆಯಲ್ಲಿರುವವರಿಗೆ ಉರಿ ತಿಳಿಯುವುದೂ ಇಲ್ಲ, ಹೊರಳಲು ಆಗುವುದೂ ಇಲ್ಲ.

ದ್ರಾವಣ ಹರಿದು ನಿಂತ ಜಾಗದಲ್ಲಿ ಗಾಯವಾಗುತ್ತದೆಯೇ ಹೊರತು ಅದನ್ನು ಬಳಿದ ಜಾಗದಲ್ಲಲ್ಲ. ಕೆಳಗಿನ ಹೆಚ್ಚಿನ ಉತ್ತರಗಳು ಮತ್ತೆ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತವೆ.

ಯಾವ ಯಾವ ದ್ರಾವಣಗಳಿಂದ ಇಂತಹ ಗಾಯವಾಗುತ್ತದೆ?

ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವುದು ಪೊವಿಡೋನ್-ಅಯೋಡಿನ್, ಅಂದರೆ ಜನ ಬೆಟಾಡಿನ್ ಎಂದೇ ಕರೆಯುವ ಕಂದು ಬಣ್ಣದ ದ್ರಾವಣ. ಇದರ ಶೇ. 10ರ ದ್ರಾವಣದಲ್ಲಿ ಬಳಕೆಗೆ ಒದಗುವ ಅಯೋಡಿನ್ ಪ್ರಮಾಣ ಶೇ. 1. ಎರಡನೆಯದು ಕ್ಲೋರ್‌ಹೆಕ್ಸಿಡಿನ್. 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದ ಇದನ್ನು ಈಗ ಹಲವೆಡೆ ಶೇ. 70ರ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಶೇ. 2ರಷ್ಟು ಬೆರೆಸಿ ಬಳಸುತ್ತಾರೆ. ಮೂರನೆಯದು ಬರಿಯ ಸ್ಪಿರಿಟ್. ಇವಲ್ಲದೆ ಸೆಟ್ರಿಮೈಡ್ ಬೆರೆತ ಸ್ಯಾವ್ಲಾನ್‌ನಂಥ ದ್ರಾವಣಗಳೂ ಚರ್ಮ ತೊಳೆಯಲು ಬಳಕೆಯಾಗುತ್ತವೆ.

ಒಂದು ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಬೆಟಾಡಿನ್ ಹೆಸರಿನಲ್ಲಿ ‘ಸೊಲ್ಯೂಷನ್’ ಮತ್ತು ‘ಸ್ಕ್ರಬ್’ ಎಂಬ ಎರಡು ಬಗೆಯ ಬಾಟಲಿಗಳು ಬರುತ್ತವೆ. ಸ್ಕ್ರಬ್‌ನಲ್ಲಿ ಸೋಪಿನಂತೆ ನೊರೆ ಬರಿಸುವ ವಸ್ತುವಿರುವುದರಿಂದ ಉಜ್ಜಿದ ಮೇಲೆ ಅದನ್ನು ತೊಳೆದು ತೆಗೆಯಲೇಬೇಕು. ಎರಡರ ಬಣ್ಣವೂ ಒಂದೇ ಆದ್ದರಿಂದ ಅವಸರದಲ್ಲಿ ಸ್ಕ್ರಬ್ಬನ್ನೇ ಬಳಿದು ಹಾಗೆಯೇ ಬಿಟ್ಟರೆ ಚರ್ಮ ಕೆರಳುತ್ತದೆ.

ಗಾಯಕ್ಕೆ ದಿನವೂ ಬೆಟಾಡಿನ್ ಹಚ್ಚುತ್ತೇವೆ, ಏನೂ ಆಗುವುದಿಲ್ಲ. ಓಟಿಯಲ್ಲಿ ಮಾತ್ರ ಅದು ಸುಡುವುದೇಕೆ?

ಮನೆಯಲ್ಲಿ ಹಚ್ಚಿದ ಬೆಟಾಡಿನ್ ಕೆಲವೇ ನಿಮಿಷಗಳಲ್ಲಿ ಆರಿ ತೆಳುವಾದ ಪದರವಾಗುತ್ತದೆ. ಅಯೋಡಿನ್ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಅವುಗಳ ಪ್ರೋಟೀನು ಮತ್ತು ಕೊಬ್ಬನ್ನು ಉತ್ಕರ್ಷಿಸುವ ಮೂಲಕ. ಅದೇ ರಾಸಾಯನಿಕ ಕ್ರಿಯೆ ನಮ್ಮ ಜೀವಕೋಶಗಳ ಮೇಲೂ ನಡೆಯಬಲ್ಲದು. ಆದರೆ ಮೇಲ್ಚರ್ಮದ ಒಣ ಪದರವು ಅದನ್ನು ತಡೆಯುತ್ತದೆ, ದ್ರಾವಣವೂ ಒಣಗಿಬಿಟ್ಟರೆ ಕ್ರಿಯೆ ಹೆಚ್ಚು ಮುಂದುವರಿಯುವುದಿಲ್ಲ. ಗಂಟೆಗಟ್ಟಲೆ ಒದ್ದೆಯಲ್ಲಿದ್ದ ಮೇಲ್ಚರ್ಮ, ಬಟ್ಟೆ ಒಗೆದವರ ಬೆರಳಿನಂತೆ ನೆನೆದು ಸುಕ್ಕಾಗಿ, ತಡೆಗೋಡೆಯಾಗಿ ಉಳಿಯುವುದಿಲ್ಲ. ಆಮ್ಲೀಯ ಗುಣವುಳ್ಳ ದ್ರಾವಣ ಒಳಕ್ಕಿಳಿಯುತ್ತದೆ. ಮೈಭಾರದ ಒತ್ತಡದಿಂದ ಆ ಜಾಗಕ್ಕೆ ರಕ್ತ ಸರಿಯಾಗಿ ಹರಿಯದೆ, ಆದ ಹಾನಿಯನ್ನು ಸರಿಪಡಿಸಿಕೊಳ್ಳುವ ಶಕ್ತಿಯೂ ಚರ್ಮಕ್ಕೆ ಇರುವುದಿಲ್ಲ.

ಹೀಗಾಗಿ ಇದು ಔಷಧಿಯೊಂದರಿಂದಲೇ ಆಗುವ ಗಾಯವಲ್ಲ. ಒದ್ದೆ, ಒತ್ತಡ, ಗಾಳಿಯಾಡದಿರುವುದು ಮತ್ತು ದೀರ್ಘ ಕಾಲ ಎಂಬ ನಾಲ್ಕೂ ಸೇರಿದಾಗ ಔಷಧಿಯು ಗಾಯ ಮಾಡುತ್ತದೆ. ಇವುಗಳಲ್ಲಿ ಒಂದನ್ನು ತಪ್ಪಿಸಿದರೂ ಗಾಯವಾಗುವ ಸಂಭವ ಬಹಳ ಕಡಿಮೆಯಾಗುತ್ತದೆ. ತಪ್ಪಿಸಲು ಎಲ್ಲಕ್ಕಿಂತ ಸುಲಭವಾದದ್ದು ಒದ್ದೆ.

ಇಷ್ಟು ತೊಂದರೆ ಇದ್ದರೆ ಇಂತಹ ದ್ರಾವಣಗಳನ್ನು ಬಳಸುವುದನ್ನೇ ನಿಲ್ಲಿಸಬಾರದೇ?

ನಿಲ್ಲಿಸಲಾಗದು. ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಕೊಯ್ದ ಜಾಗದೊಳಕ್ಕೆ ಇಳಿದರೆ ಆಗುವ ಕೀವು, ನಂಜು ಮತ್ತು ಸಾವಿನ ಮುಂದೆ ಈ ಗಾಯ ಚಿಕ್ಕದು. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಶಸ್ತ್ರಚಿಕಿತ್ಸೆಗೆ ಮುನ್ನ ಚರ್ಮವನ್ನು ಆಲ್ಕೋಹಾಲು ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ ಸಿದ್ಧಪಡಿಸಬೇಕೆಂದು ಬಲವಾಗಿ ಶಿಫಾರಸು ಮಾಡುತ್ತದೆ.

ಹಾಗೆ ನೋಡಿದರೆ ನಂಜು ತಡೆಯುವ ವಿದ್ಯೆ ಮತ್ತು ಚರ್ಮದ ಗಾಯ ಎರಡೂ ಒಟ್ಟೊಟ್ಟಿಗೇ ಹುಟ್ಟಿದವು. 1865ರಲ್ಲಿ ಗ್ಲಾಸ್ಗೋದಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಅವರು ಕಾಲು ಮುರಿದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲವನ್ನು ಹಚ್ಚಿ ಕಟ್ಟಿದರು. ಕೆಲವು ದಿನಗಳ ನಂತರ ಬಿಚ್ಚಿ ನೋಡಿದಾಗ ಕೀವು ಇರಲಿಲ್ಲ, ಆದರೆ ಸುತ್ತಲಿನ ಚರ್ಮವನ್ನು ಆಮ್ಲ ಕೆರಳಿಸಿತ್ತು. ಆಮೇಲೆ ಅವರು ಅದನ್ನು ನೀರಿನಲ್ಲಿ, ಬಳಿಕ ಆಲಿವ್ ಎಣ್ಣೆಯಲ್ಲಿ ತೆಳುಮಾಡಿ ಬಳಸಿದರು. ಇನ್ನೊಂದು ಪ್ರಸಂಗ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯದು. 1889-90ರ ಸುಮಾರಿಗೆ ಅಲ್ಲಿ ಶಸ್ತ್ರಚಿಕಿತ್ಸೆಗೆ ನೆರವಾಗುತ್ತಿದ್ದ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್‌ನ ಕೈಗಳು, ಪಾದರಸದ ಕ್ಲೋರೈಡ್ ದ್ರಾವಣದಲ್ಲಿ ಮತ್ತೆ ಮತ್ತೆ ಅದ್ದಿದ್ದರಿಂದ ಬಿರಿದು ಹುಣ್ಣಾದವು. ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರು ಆಕೆಗಾಗಿ ಗುಡ್‌ಇಯರ್ ರಬ್ಬರ್ ಕಂಪನಿಯಿಂದ ತೆಳುವಾದ ಕೈಗವಸುಗಳನ್ನು ಮಾಡಿಸಿದರು. 1890ರಲ್ಲಿ ಇಬ್ಬರೂ ಮದುವೆಯಾದರು. ಇಂದು ರೋಗಿಯನ್ನು ನಂಜಿನಿಂದ ಕಾಯುವ ಕೈಗವಸು ಮೊದಲು ಬಂದದ್ದು ನರ್ಸ್‌ನ ಕೈಗಳನ್ನು ನಂಜುನಿರೋಧಕದಿಂದ ಕಾಯಲು.

ಯಾವ ಶಸ್ತ್ರಚಿಕಿತ್ಸೆಗಳಲ್ಲಿ ಇದರ ಸಾಧ್ಯತೆ ಹೆಚ್ಚು?

ದೀರ್ಘ ಕಾಲ ನಡೆಯುವ ಎಲ್ಲ ಶಸ್ತ್ರಚಿಕಿತ್ಸೆಗಳಲ್ಲಿಯೂ ಇದೆ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ದ್ರಾವಣ ಕತ್ತಿನ ಹಿಂಭಾಗಕ್ಕೆ ಇಳಿಯುತ್ತದೆ. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳು ಮತ್ತು ಬೆನ್ನಿಗೆ, ಗರ್ಭಕೋಶ ಅಥವಾ ಮೂಲವ್ಯಾಧಿಯ ಶಸ್ತ್ರಚಿಕಿತ್ಸೆಯಲ್ಲಿ ಪೃಷ್ಠ ಮತ್ತು ತೊಡೆಸಂದಿಗೆ ಸೇರುತ್ತದೆ. ಸ್ಥೂಲಕಾಯದವರಲ್ಲಿ ಚರ್ಮದ ಮಡಿಕೆಗಳೇ ದ್ರಾವಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಹಳ ವಯಸ್ಸಾದವರ ತೆಳು ಚರ್ಮ ಬೇಗ ಸೋಲುತ್ತದೆ.

ಸಿಸೇರಿಯನ್ ಹೆರಿಗೆಯನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಎರಡು ಬಾರಿ ಪೇಂಟ್ ಮಾಡುತ್ತಾರೆ. ಬೆನ್ನಿಗೆ ಸೂಜಿ ಹಾಕಿ ಅರಿವಳಿಕೆ ಕೊಡುವ ಮುನ್ನ ಬೆನ್ನಿಗೆ ಬೆಟಾಡಿನ್ ಅಥವಾ ಸ್ಪಿರಿಟ್ ಬಳಿಯುತ್ತಾರೆ. ಸೂಜಿ ಹಾಕಿದ ಕೂಡಲೇ, ಔಷಧಿ ಸರಿಯಾಗಿ ಹರಡಲೆಂದು, ತಾಯಿಯನ್ನು ಅಂಗಾತ ಮಲಗಿಸುತ್ತಾರೆ. ಬೆನ್ನು ಆರಿದೆಯೇ ಎಂದು ನೋಡುವ ಪುರುಸೊತ್ತು ಆ ಕ್ಷಣದಲ್ಲಿ ಯಾರಿಗೂ ಇರುವುದಿಲ್ಲ. ಬಳಿಕ ಹೊಟ್ಟೆಗೆ ಬಳಿದದ್ದು, ಜೊತೆಗೆ ಗರ್ಭದ ನೀರು ಮತ್ತು ರಕ್ತ, ಎಲ್ಲವೂ ಕೆಳಗಿಳಿದು ಅದೇ ಜಾಗಕ್ಕೆ ಸೇರುತ್ತವೆ. ತಾಯಿ ಎಚ್ಚರವಾಗಿಯೇ ಇದ್ದರೂ ಸೊಂಟದ ಕೆಳಗೆ ಸ್ಪರ್ಶವಿಲ್ಲ. ಅರಿವಳಿಕೆ ಇಳಿದ ಮೇಲೆ ‘ಬೆನ್ನು ಉರಿ’ ಎಂದರೆ, ಸೂಜಿ ಹಾಕಿದ ನೋವಿರಬೇಕು ಎಂದು ಸುತ್ತಲಿನವರು ಸಮಾಧಾನ ಹೇಳಿಬಿಡುವುದುಂಟು. ಬೆನ್ನನ್ನು ತಿರುಗಿಸಿ ಒಮ್ಮೆ ನೋಡುವುದು ಸಮಾಧಾನಕ್ಕಿಂತ ಹೆಚ್ಚು ಉಪಯುಕ್ತ.

ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ತೊಡೆಯ ಸುತ್ತ ಬಳೆಯಂತೆ ಗಾಯವಾಗಿದೆ. ಇದೇನು?

ಮೊಣಕಾಲು, ಪಾದ, ಮೊಣಕೈ, ಅಂಗೈಗಳ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೋಗದಿರಲೆಂದು ತೊಡೆಗೆ ಅಥವಾ ತೋಳಿಗೆ ಟೂರ್ನಿಕೆ ಎಂಬ, ಗಾಳಿ ತುಂಬುವ ಪಟ್ಟಿಯನ್ನು ಕಟ್ಟುತ್ತಾರೆ. ರಕ್ತದೊತ್ತಡ ಅಳೆಯುವ ಪಟ್ಟಿಯ ಹಾಗೆಯೇ ಅದು, ಆದರೆ ಒತ್ತಡ ಬಹಳ ಹೆಚ್ಚು, ಅವಧಿಯೂ ಹೆಚ್ಚು. ಪಟ್ಟಿಯ ಅಡಿಯಲ್ಲಿ ಹತ್ತಿಯ ಸುತ್ತು ಇರುತ್ತದೆ. ಪೇಂಟ್ ಮಾಡುವಾಗ ಕಾಲನ್ನು ಎತ್ತಿ ಹಿಡಿಯುವುದರಿಂದ ದ್ರಾವಣ ತೊಡೆಯ ಕಡೆಗೇ ಹರಿಯುತ್ತದೆ, ಆ ಹತ್ತಿ ಅದನ್ನು ಹೀರಿಕೊಳ್ಳುತ್ತದೆ. ಮೇಲೆ ಹೇಳಿದ ನಾಲ್ಕೂ ಕಾರಣಗಳು ಇಲ್ಲಿ ಒಂದೇ ಪಟ್ಟಿಯ ಅಡಿಯಲ್ಲಿ ಸೇರಿಬಿಡುತ್ತವೆ. ಕೆಲವರಲ್ಲಿ ಇದು ಚರ್ಮದ ಪೂರ್ಣ ದಪ್ಪವನ್ನೂ ಸುಟ್ಟು, ಬೇರೆಡೆಯಿಂದ ಚರ್ಮ ತೆಗೆದು ಕಸಿ ಮಾಡಬೇಕಾದ ಹಂತಕ್ಕೆ ಹೋಗಬಲ್ಲದು.

ತಡೆಯುವ ಉಪಾಯ ಮಾತ್ರ ಸರಳವಾದದ್ದು. ಪೇಂಟ್ ಮಾಡುವ ಮೊದಲೇ ಟೂರ್ನಿಕೆಯ ಕೆಳ ಅಂಚಿಗೆ ನೀರು ನುಸುಳದ ಅಂಟುಪಟ್ಟಿಯನ್ನು ಚರ್ಮಕ್ಕೂ ಪಟ್ಟಿಗೂ ಸೇರಿಸಿ ಸುತ್ತಿದರೆ ದ್ರಾವಣ ಒಳಗೆ ಹೋಗುವುದಿಲ್ಲ. ಹತ್ತಿ ಈಗಾಗಲೇ ನೆನೆದಿದ್ದರೆ ಅದನ್ನು ಬದಲಿಸದೆ ಗಾಳಿ ತುಂಬಬಾರದು.

ಇದು ಅಲರ್ಜಿಯೋ ಅಥವಾ ಸುಟ್ಟ ಗಾಯವೋ ಎಂದು ತಿಳಿಯುವುದು ಹೇಗೆ?

ಸಾಮಾನ್ಯವಾಗಿ ಸುಟ್ಟ ಗಾಯದಲ್ಲಿ ಉರಿ ಮತ್ತು ನೋವು ಮುಂದಿರುತ್ತವೆ, ಅಲರ್ಜಿಯಲ್ಲಿ ತುರಿಕೆ. ಸುಟ್ಟ ಗಾಯವು ಶಸ್ತ್ರಚಿಕಿತ್ಸೆ ಮುಗಿದು ಹೊದಿಕೆ ತೆಗೆದಾಗಲೇ ಅಥವಾ ಒಂದು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಅದರ ಅಂಚು ನಕಾಶೆಯ ಗಡಿಯಂತೆ ಸ್ಪಷ್ಟವಾಗಿದ್ದು, ದ್ರಾವಣ ನಿಂತಿದ್ದ ಆಕಾರವನ್ನೇ ಹೋಲುತ್ತದೆ. ನೀರುಗುಳ್ಳೆಗಳೆದ್ದು, ಒಡೆದು, ಸಿಪ್ಪೆ ಏಳುತ್ತದೆ. ಸ್ಪರ್ಶದಿಂದ ಬರುವ ಅಲರ್ಜಿಯಾದರೆ ಒಂದರಿಂದ ಮೂರು ದಿನ ತಡವಾಗಿ ಬರುತ್ತದೆ. ಬಳಿದ ಜಾಗದ ತುಂಬ, ಕೆಲವೊಮ್ಮೆ ಅದರಾಚೆಗೂ, ತುರಿಸುವ ಸಣ್ಣ ಗುಳ್ಳೆಗಳು ಹರಡುತ್ತವೆ ಮತ್ತು ಅಂಚು ಮಸುಕಾಗಿರುತ್ತದೆ.

ಸಂಶಯವಿದ್ದರೆ ಚರ್ಮರೋಗ ತಜ್ಞರು ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ವಸ್ತುವನ್ನು ಬೆನ್ನಿಗೆ ಅಂಟಿಸಿ 48 ಗಂಟೆಗಳ ಬಳಿಕ ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಇಲ್ಲೊಂದು ಸ್ವಾರಸ್ಯವಿದೆ. ಪೊವಿಡೋನ್-ಅಯೋಡಿನ್‌ಗೆ ಈ ಪರೀಕ್ಷೆ ಅಷ್ಟು ನಂಬಲರ್ಹವಲ್ಲ, ಏಕೆಂದರೆ ಮುಚ್ಚಿಟ್ಟ ಒದ್ದೆ ಅಯೋಡಿನ್ ಅಲರ್ಜಿ ಇಲ್ಲದವರ ಚರ್ಮವನ್ನೂ ಕೆರಳಿಸುತ್ತದೆ. ಓಟಿಯ ಮೇಜಿನ ಮೇಲೆ ನಡೆದದ್ದೇ ಪರೀಕ್ಷೆಯ ಪಟ್ಟಿಯ ಅಡಿಯಲ್ಲೂ ನಡೆಯುತ್ತದೆ. ಆದ್ದರಿಂದ ಅನೇಕ ತಜ್ಞರು ಮುಚ್ಚದೆ, ಮುಂದೋಳಿಗೆ ಹಲವು ದಿನ ಹಚ್ಚಿ ನೋಡುವ ಕ್ರಮವನ್ನು ಸೇರಿಸಿಕೊಳ್ಳುತ್ತಾರೆ. ‘ಬೆಟಾಡಿನ್ ಅಲರ್ಜಿ’ ಎಂದು ಕಡತದಲ್ಲಿ ಬರೆಸಿಕೊಂಡ ಎಷ್ಟೋ ಜನರಿಗೆ ನಿಜವಾಗಿ ಆಗಿರುವುದು ಅಲರ್ಜಿಯಲ್ಲ, ಸುಟ್ಟ ಗಾಯ.

ಹಾಸಿಗೆ ಹುಣ್ಣು ಮತ್ತು ಕಾಟರಿಯಿಂದ ಸುಡುವುದಕ್ಕಿಂತ ಇದು ಹೇಗೆ ಭಿನ್ನ?

ಹಾಸಿಗೆ ಹುಣ್ಣು, ಅಂದರೆ ಒತ್ತಡದ ಹುಣ್ಣು, ಮೂಳೆ ಉಬ್ಬಿರುವ ಜಾಗದಲ್ಲಿ, ಅಂದರೆ ಬಾಲದ ಮೂಳೆ, ಹಿಮ್ಮಡಿ, ತಲೆಯ ಹಿಂಭಾಗಗಳಲ್ಲಿ ಆಗುತ್ತದೆ. ಆಳದ ಹಾನಿ ಹೊರಗೆ ಕಾಣಿಸಲು ಎರಡು ಮೂರು ದಿನ ಹಿಡಿಯಬಹುದು. ಕಾಟರಿ ಎಂದರೆ ವಿದ್ಯುತ್ತಿನಿಂದ ಕೊಯ್ಯುವ, ರಕ್ತ ನಿಲ್ಲಿಸುವ ಯಂತ್ರ. ಅದರ ವಿದ್ಯುತ್ತು ಮರಳಲೆಂದು ಮೈಗೆ ಅಂಟಿಸುವ ಪ್ಲೇಟಿನಿಂದಾದ ಗಾಯ ಪ್ಲೇಟ್ ಅಂಟಿಸಿದ ಜಾಗದಲ್ಲೇ ಇರುತ್ತದೆ ಮತ್ತು ನಡುವೆ ಬಿಳಿಚಿಕೊಂಡಿರಬಹುದು ಅಥವಾ ಕರಕಲಾಗಿರಬಹುದು. ದ್ರಾವಣದ ಗಾಯ ಮೂಳೆಯನ್ನು ಲೆಕ್ಕಿಸುವುದಿಲ್ಲ, ಪೃಷ್ಠದ ಮೆತ್ತನೆಯ ಮಡಿಕೆಯಲ್ಲಿಯೂ ಇರುತ್ತದೆ. ಪ್ಲಾಸ್ಟರ್ ಕಿತ್ತಾಗ ಏಳುವ ಗುಳ್ಳೆಗಳಾದರೆ ಪ್ಲಾಸ್ಟರಿನ ಗೆರೆಯಲ್ಲಿಯೇ ಇರುತ್ತವೆ. ಇವು ಒಂದರೊಡನೊಂದು ಬೆರೆಯುವುದೂ ಉಂಟು. ಪ್ಲೇಟಿನ ಅಡಿಗೆ ದ್ರಾವಣ ನುಗ್ಗಿದರೆ ಪ್ಲೇಟ್ ಸರಿಯಾಗಿ ಅಂಟದೆ ವಿದ್ಯುತ್ತಿನ ಸುಟ್ಟ ಗಾಯಕ್ಕೂ ದಾರಿಯಾಗುತ್ತದೆ.

ನಮ್ಮದು ಕಪ್ಪು ಮೈಬಣ್ಣ. ‘ಚರ್ಮ ಕೆಂಪಾಗುತ್ತದೆ’ ಎಂದು ಬರೆದಿರುವುದು ನಮಗೆ ಹೊಂದುತ್ತದೆಯೇ?

ಬಹಳ ಸರಿಯಾದ ಪ್ರಶ್ನೆ. ಬಿಳಿ ಚರ್ಮವನ್ನು ನೋಡಿ ಬರೆದ ವಿವರಣೆಗಳು ನಮಗೆ ಅರ್ಧ ಮಾತ್ರ ಹೊಂದುತ್ತವೆ. ಕಂದು ಅಥವಾ ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣದೆ, ಆ ಭಾಗ ನೇರಳೆ ಛಾಯೆಗೆ ಅಥವಾ ಇನ್ನಷ್ಟು ಗಾಢ ಕಂದು ಬಣ್ಣಕ್ಕೆ ತಿರುಗಬಹುದು. ಮೇಲೆ ಬೆಟಾಡಿನ್‌ನ ಬಣ್ಣವೂ ಇದ್ದರೆ ಏನೂ ತಿಳಿಯುವುದಿಲ್ಲ. ಆದ್ದರಿಂದ ಒದ್ದೆ ಬಟ್ಟೆಯಿಂದ ಬಣ್ಣವನ್ನು ಮೃದುವಾಗಿ ಒರೆಸಿ, ಒಳ್ಳೆಯ ಬೆಳಕಿನಲ್ಲಿ ನೋಡಿ, ಕೈಯಿಂದ ಮುಟ್ಟಿ ಪಕ್ಕದ ಚರ್ಮದೊಡನೆ ಹೋಲಿಸಬೇಕು. ಆ ಭಾಗ ಬಿಸಿಯಾಗಿದೆಯೇ, ಊದಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂಬುವು ಬಣ್ಣಕ್ಕಿಂತ ನಂಬಲರ್ಹ ಗುರುತುಗಳು.

ಸಿಗಡಿ, ಏಡಿ ತಿಂದರೆ ಮೈಯೆಲ್ಲ ದದ್ದು ಏಳುತ್ತದೆ. ಬೆಟಾಡಿನ್ ಬೇಡ ಎನ್ನಬೇಕೇ?

ಹಾಗೆನ್ನಬೇಕಾಗಿಲ್ಲ. ಕರಾವಳಿಯಲ್ಲಿ ಪದೇ ಪದೇ ಕೇಳಿಬರುವ ಈ ಭಯಕ್ಕೆ ಆಧಾರವಿಲ್ಲ. ಸಮುದ್ರದ ಆಹಾರದಲ್ಲಿ ಅಯೋಡಿನ್ ಇದೆ, ಬೆಟಾಡಿನ್‌ನಲ್ಲಿಯೂ ಅಯೋಡಿನ್ ಇದೆ, ಆದ್ದರಿಂದ ಒಂದು ಆಗದವರಿಗೆ ಇನ್ನೊಂದೂ ಆಗದು ಎಂಬುದು ಆ ತರ್ಕ. ಆದರೆ ಸಿಗಡಿ ಮತ್ತು ಏಡಿಯ ಅಲರ್ಜಿಗೆ ಮುಖ್ಯ ಕಾರಣ ಅವುಗಳ ಸ್ನಾಯುವಿನಲ್ಲಿರುವ ಟ್ರೊಪೊಮಯೋಸಿನ್ ಎಂಬ ಪ್ರೋಟೀನು, ಅಯೋಡಿನ್ ಅಲ್ಲ. ನಾವು ದಿನವೂ ತಿನ್ನುವ ಉಪ್ಪಿನಲ್ಲಿಯೇ ಅಯೋಡಿನ್ ಇದೆ ಮತ್ತು ಥೈರಾಯ್ಡ್ ಗ್ರಂಥಿ ಅದಿಲ್ಲದೆ ಕೆಲಸ ಮಾಡದು. ಸಿ.ಟಿ. ಸ್ಕ್ಯಾನ್‌ಗೆ ಕೊಡುವ ಅಯೋಡಿನ್‌ಯುಕ್ತ ಔಷಧಿಯಿಂದ ತೊಂದರೆಯಾಗಿದ್ದವರಿಗೂ ಇದೇ ಉತ್ತರ. ಪೊವಿಡೋನ್-ಅಯೋಡಿನ್‌ಗೇ ಅಲರ್ಜಿ ಇರುವವರು ಇದ್ದಾರೆ, ಆದರೆ ವಿರಳ. ಅದಕ್ಕೂ ಮೀನಿಗೂ ಸಂಬಂಧವಿಲ್ಲ.

ಹಾಗಾದರೆ ನಿಜವಾಗಿ ಹೆದರಬೇಕಾದ ಅಲರ್ಜಿ ಯಾವುದು?

ಕ್ಲೋರ್‌ಹೆಕ್ಸಿಡಿನ್‌ನದು. ಇದು ವಿರಳವಾದರೂ ಚರ್ಮದ ದದ್ದಿನಲ್ಲಿ ನಿಲ್ಲದೆ, ರಕ್ತದೊತ್ತಡ ಕುಸಿದು ಉಸಿರಾಟ ಕಟ್ಟುವ ಅನಾಫಿಲಾಕ್ಸಿಸ್ ಆಗಬಲ್ಲದು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿಯೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರಲ್ಲಿಯೂ ಈ ಬಗ್ಗೆ ಎಚ್ಚರಿಸಿದವು. ಬ್ರಿಟನ್ನಿನಲ್ಲಿ ಅರಿವಳಿಕೆಯ ಸಮಯದ ಅನಾಫಿಲಾಕ್ಸಿಸ್ ಕುರಿತು 2018ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಪ್ರತಿಜೀವಕಗಳು ಮತ್ತು ಸ್ನಾಯು ಸಡಿಲಿಸುವ ಔಷಧಿಗಳ ನಂತರದ ಸ್ಥಾನ ಕ್ಲೋರ್‌ಹೆಕ್ಸಿಡಿನ್‌ಗೆ ಸಿಕ್ಕಿತು.

ಇದು ಪತ್ತೆಯಾಗದೆ ಉಳಿಯಲು ಕಾರಣ, ಕ್ಲೋರ್‌ಹೆಕ್ಸಿಡಿನ್ ಅಡಗಿ ಕುಳಿತಿರುವ ಜಾಗಗಳು. ಮೂತ್ರನಾಳಕ್ಕೆ ನಳಿಕೆ ಹಾಕುವಾಗ ಬಳಸುವ ಜೆಲ್ಲಿಗಳು, ದೊಡ್ಡ ರಕ್ತನಾಳಕ್ಕೆ ಹಾಕುವ ಕೆಲವು ನಳಿಕೆಗಳ ಲೇಪ, ಬಾಯಿ ಮುಕ್ಕಳಿಸುವ ದ್ರವ ಮತ್ತು ಮೈ ಒರೆಸುವ ಒದ್ದೆ ಬಟ್ಟೆಗಳಲ್ಲಿಯೂ ಅದಿದೆ. ದಂತವೈದ್ಯರು ಕೊಟ್ಟ ಮೌತ್‌ವಾಶ್‌ನಿಂದ ತುಟಿ ಊದಿದ್ದರೆ, ಅದು ಹರ್ನಿಯಾ ಶಸ್ತ್ರಚಿಕಿತ್ಸೆಗೆ ಸಂಬಂಧವಿಲ್ಲದ ಸಂಗತಿಯೆಂದು ಬಿಡದೆ ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು.

ನವಜಾತ ಶಿಶುಗಳಿಗೆ ಇವು ಸುರಕ್ಷಿತವೇ?

ತಿಂಗಳು ತುಂಬಿ ಹುಟ್ಟಿದ ಮಗುವಿಗೂ ಅವಧಿಗೆ ಬಹಳ ಮೊದಲೇ ಹುಟ್ಟಿದ ಮಗುವಿಗೂ ಇಲ್ಲಿ ಅಜಗಜಾಂತರವಿದೆ. ಅವಧಿಪೂರ್ವ ಶಿಶುವಿನ ಮೇಲ್ಚರ್ಮದ ಹೊರಪದರ ಇನ್ನೂ ಬೆಳೆದೇ ಇರುವುದಿಲ್ಲ. ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ನಳಿಕೆ ಹಾಕುವ ಮುನ್ನ ಬಳಿದ ಕ್ಲೋರ್‌ಹೆಕ್ಸಿಡಿನ್ ಪಕ್ಕೆಯ ಕೆಳಗೆ ಇಳಿದು ತೀವ್ರ ಸುಟ್ಟ ಗಾಯಗಳಾದ ಪ್ರಕರಣಗಳು ವರದಿಯಾಗಿವೆ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ 2014ರಲ್ಲಿ ಇದನ್ನು ನೆನಪಿಸಿ ಎಚ್ಚರಿಕೆ ಹೊರಡಿಸಿತು. 32 ವಾರ ತುಂಬುವ ಮೊದಲೇ ಹುಟ್ಟಿದ ಶಿಶುಗಳಲ್ಲಿ, ಅದರಲ್ಲಿಯೂ ಹುಟ್ಟಿದ ಮೊದಲ 2 ವಾರಗಳಲ್ಲಿ ಅಪಾಯ ಹೆಚ್ಚು. ಆಲ್ಕೋಹಾಲಿರುವ ದ್ರಾವಣದಿಂದ ಮಾತ್ರವಲ್ಲ, ನೀರಿನಲ್ಲಿ ಕರಗಿಸಿದ ದ್ರಾವಣದಿಂದಲೂ ಹೀಗಾಗಬಹುದು. ಅಯೋಡಿನ್ ಬಳಸಿದರೆ ಅದು ತೆಳು ಚರ್ಮದ ಮೂಲಕ ರಕ್ತಕ್ಕೆ ಸೇರಿ ಥೈರಾಯ್ಡಿನ ಕೆಲಸವನ್ನು ಕುಗ್ಗಿಸಬಹುದೆಂಬ ಇನ್ನೊಂದು ಚಿಂತೆಯಿದೆ. ಹೀಗಾಗಿ ಯಾವುದನ್ನೇ ಬಳಸಿದರೂ ಬೇಕಾದಷ್ಟೇ ಹಚ್ಚಿ, ಹರಿದದ್ದನ್ನು ಕೂಡಲೇ ಒರೆಸಿ, ಕೆಲಸ ಮುಗಿದ ಮೇಲೆ ಶುದ್ಧ ನೀರು ಅಥವಾ ಸಲೈನ್‌ನಿಂದ ತೆಗೆಯುವುದು ಎಳೆಯ ಶಿಶುಗಳ ವಾರ್ಡಿನಲ್ಲಿ ಅನುಸರಿಸಬೇಕಾದ ಕ್ರಮ.

ಸ್ಪಿರಿಟ್‌ಗೆ ಬೆಂಕಿ ಹತ್ತುತ್ತದೆ ಎಂದು ಕೇಳಿದ್ದೇವೆ. ಓಟಿಯಲ್ಲಿಯೂ ಹೀಗಾಗುತ್ತದೆಯೇ?

ಆಗಿದೆ. ಆಲ್ಕೋಹಾಲಿರುವ ದ್ರಾವಣ ಒಣಗುವ ಮುನ್ನ ಹಸಿರು ಬಟ್ಟೆ ಹೊದಿಸಿದರೆ ಅದರ ಆವಿ ಬಟ್ಟೆಯ ಅಡಿಯಲ್ಲಿ ನಿಲ್ಲುತ್ತದೆ. ಕಾಟರಿಯ ಒಂದು ಕಿಡಿ, ಜೊತೆಗೆ ಆಮ್ಲಜನಕ ಸೇರಿದರೆ ಸಾಕು. ಆಲ್ಕೋಹಾಲಿನ ಜ್ವಾಲೆ ಓಟಿಯ ಪ್ರಖರ ದೀಪದಡಿ ಕಣ್ಣಿಗೆ ಕಾಣುವುದೂ ಕಷ್ಟ. ಕೂದಲಿಲ್ಲದ ಚರ್ಮದ ಮೇಲೆ ಕನಿಷ್ಠ 3 ನಿಮಿಷ ಒಣಗಲು ಬಿಡಬೇಕೆಂದು ಇಂತಹ ದ್ರಾವಣಗಳ ತಯಾರಕರ ಸೂಚನೆ ಹೇಳುತ್ತದೆ. ಕೂದಲಿರುವ ಜಾಗದಲ್ಲಿ ಇದು 1 ಗಂಟೆಯವರೆಗೂ ಹೋಗಬಹುದು. ಆದ್ದರಿಂದಲೇ ತಲೆ ಮತ್ತು ಕುತ್ತಿಗೆಯ ಭಾಗದಲ್ಲಿ ಹೆಚ್ಚು ದ್ರಾವಣ ತುಂಬಿರುವ ದೊಡ್ಡ ಲೇಪಕಗಳನ್ನು (ಬಳಿಯುವ ಸಾಧನಗಳನ್ನು) ಬಳಸಬಾರದು.

ಕಣ್ಣು, ಕಿವಿಯ ಬಳಿ?

ಕ್ಲೋರ್‌ಹೆಕ್ಸಿಡಿನ್ ಕಣ್ಣಿಗೆ ಬಿದ್ದರೆ ಕಾರ್ನಿಯಾಗೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಹಾನಿ ಮಾಡಬಹುದು. ತಮಟೆ ತೂತಾಗಿರುವ ಕಿವಿಯೊಳಗೆ ಹೋದರೆ ಒಳಗಿವಿಗೆ ತಲುಪಿ ಶ್ರವಣಶಕ್ತಿ ಹೋಗಬಹುದು. ಕಣ್ಣಿನ ಶಸ್ತ್ರಚಿಕಿತ್ಸೆಗೆ ಶೇ. 5ರ ಪೊವಿಡೋನ್-ಅಯೋಡಿನ್ ದ್ರಾವಣವೇ ರೂಢಿಯಲ್ಲಿದೆ. ಸ್ಕ್ರಬ್ ಮಾತ್ರ ಕಣ್ಣಿನ ಬಳಿ ಬರಕೂಡದು.

ಗಾಯ ಕಂಡ ಕೂಡಲೇ ಏನು ಮಾಡಬೇಕು?

ಮೊದಲು ದ್ರಾವಣದ ಸಂಪರ್ಕವನ್ನು ತಪ್ಪಿಸಬೇಕು. ಒದ್ದೆ ಬೆಡ್‌ಶೀಟು ಮತ್ತು ಗೌನನ್ನು ತೆಗೆದು, ಆ ಭಾಗವನ್ನು ಸಲೈನ್ ಅಥವಾ ಶುದ್ಧ ನೀರಿನಿಂದ ಧಾರಾಳವಾಗಿ ತೊಳೆದು, ಉಜ್ಜದೆ ಒತ್ತಿ ಒರೆಸಬೇಕು. ಶಸ್ತ್ರಚಿಕಿತ್ಸೆಯ ಹೊಲಿಗೆಗೆ ನೀರು ತಾಗದಂತೆ ನೋಡಿಕೊಳ್ಳಬೇಕಾದ್ದರಿಂದ ಇದನ್ನು ವಾರ್ಡಿನ ಸಿಸ್ಟರ್ ಮಾಡುವುದು ಒಳ್ಳೆಯದು. ಗುಳ್ಳೆಗಳನ್ನು ಒಡೆಯಬಾರದು. ಗಾಯ ಎಷ್ಟು ಆಳವಿದೆ ಎಂಬುದನ್ನು ವೈದ್ಯರು ನೋಡಿ, ಅಂಟದ ಡ್ರೆಸ್ಸಿಂಗ್, ನೋವಿನ ಔಷಧಿ, ಬೇಕಾದರೆ ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು ಕೊಡುತ್ತಾರೆ. ಅಲರ್ಜಿಯೆಂದು ಖಚಿತವಾದರೆ ಮಾತ್ರ ಸ್ಟೀರಾಯ್ಡ್ ಮುಲಾಮು. ಅದೇ ಗಾಯಕ್ಕೆ ಮತ್ತೆ ಅದೇ ಬೆಟಾಡಿನ್ ಹಚ್ಚುವುದನ್ನು, ರೂಢಿಬಲದಿಂದ, ಕೆಲವೆಡೆ ಮಾಡುತ್ತಾರೆ. ಅದನ್ನು ಧೈರ್ಯವಾಗಿ ಪ್ರಶ್ನಿಸಿರಿ.

ಅರಿಸಿನ, ಟೂತ್‌ಪೇಸ್ಟ್, ಬೂದಿ, ಇಂಕು ಇವನ್ನು ಹಚ್ಚಬಾರದು. ಗಾಯದ ಆಳ ವೈದ್ಯರಿಗೆ ಕಾಣದಂತಾಗುತ್ತದೆ, ನಂಜೂ ಆಗಬಹುದು. ಗಾಯ ಹಿಗ್ಗುತ್ತಿದ್ದರೆ, ಕೀವು ಅಥವಾ ವಾಸನೆ ಬರುತ್ತಿದ್ದರೆ, ಜ್ವರ ಬಂದರೆ, ಅಥವಾ ಗಾಯದ ನಡುಭಾಗ ಬಿಳಿಚಿಕೊಂಡು ಮುಟ್ಟಿದರೂ ನೋವಿಲ್ಲದಿದ್ದರೆ ಅದೇ ದಿನ ತೋರಿಸಬೇಕು. ನೋವಿಲ್ಲದಿರುವುದು ಇಲ್ಲಿ ಶುಭಸೂಚನೆಯಲ್ಲ, ಸುಡುವಿಕೆ ಆಳಕ್ಕೆ ಇಳಿದಿದೆ ಎಂಬುದರ ಗುರುತು.

ಕಲೆ ಉಳಿಯುತ್ತದೆಯೇ?

ಮೇಲ್ಪದರಕ್ಕೆ ಮಾತ್ರ ಆದ ಗಾಯ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ಮಾಯುತ್ತದೆ. ಆದರೆ ನಮ್ಮ ಮೈಬಣ್ಣದವರಲ್ಲಿ ಆ ಜಾಗ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುವುದು ಸಾಮಾನ್ಯ, ನಿಧಾನವಾಗಿ ತಿಳಿಯಾಗುತ್ತದೆ. ಬಿಸಿಲಿಗೆ ಒಡ್ಡದಿರುವುದು ಸಹಾಯಕ. ಆಳವಾದ ಗಾಯ ಗುರುತು ಬಿಡುತ್ತದೆ.

ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯಾಗಿ ನಾನೇನು ಮಾಡಬಹುದು?

ಹಿಂದೆ ಯಾವುದೇ ದ್ರಾವಣ, ಪ್ಲಾಸ್ಟರ್ ಅಥವಾ ಮೌತ್‌ವಾಶ್‌ನಿಂದ ತೊಂದರೆಯಾಗಿದ್ದರೆ ಅದನ್ನು ಹೇಳಿ ಕಡತದಲ್ಲಿ ಬರೆಸಿರಿ. ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಯಬೇಡಿರಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ದ್ರಾವಣ ಬೇಗ ಒಳಗಿಳಿಯುತ್ತದೆ, ನಂಜೂ ಹೆಚ್ಚುತ್ತದೆ. ತೆಗೆಯಲೇಬೇಕಾದರೆ ಆಸ್ಪತ್ರೆಯಲ್ಲಿ ಕತ್ತರಿಸುವ ಯಂತ್ರದಿಂದ ತೆಗೆಯುತ್ತಾರೆ. ಎಚ್ಚರವಿರುವ ಶಸ್ತ್ರಚಿಕಿತ್ಸೆಯಾದರೆ ‘ಬೆನ್ನು ಒದ್ದೆಯಾಗಿದೆ’ ಎಂದು ಹೇಳಲು ಸಂಕೋಚ ಬೇಡ.

ಓಟಿಯಲ್ಲಿ ಕೆಲಸ ಮಾಡುವವರು ಏನನ್ನು ಗಮನಿಸಬೇಕು?

ಗಾಜ್ ತೊಟ್ಟಿಕ್ಕಬಾರದು. ಎರಡೂ ಪಕ್ಕದಲ್ಲಿ ಹೀರುವ ಟವೆಲ್ ಇಟ್ಟು, ಪೇಂಟ್ ಮುಗಿದ ಮೇಲೆ, ಹೊದಿಸುವ ಮೊದಲು, ಅವನ್ನು ತೆಗೆಯಬೇಕು. ಈ ಟವೆಲ್‌ಗಳನ್ನು ತೆಗೆಯಲು ಮರೆತರೆ ಅವೇ ನೆನೆದ ಹಾಸಿಗೆಯಾಗುತ್ತವೆ, ಇಡದೇ ಇರುವುದಕ್ಕಿಂತ ಕೆಟ್ಟದ್ದಾಗುತ್ತದೆ. ಬಳಿಕ ರೋಗಿಯ ಅಡಿಗೆ ಕೈ ಹಾಕಿ ನೋಡಬೇಕು. ಕಣ್ಣಿಗಿಂತ ಕೈಗೆ ಒದ್ದೆ ಬೇಗ ತಿಳಿಯುತ್ತದೆ. ಒದ್ದೆಯಿದ್ದರೆ ಬದಲಿಸಬೇಕು. ಕಾಟರಿ ಪ್ಲೇಟ್, ಇ.ಸಿ.ಜಿ. ಸ್ಟಿಕ್ಕರ್ ಮತ್ತು ರಕ್ತದೊತ್ತಡದ ಪಟ್ಟಿಯ ಅಡಿಗೆ ದ್ರಾವಣ ಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕೊನೆಯಲ್ಲಿ ಉಳಿದ ದ್ರಾವಣವನ್ನು ಒರೆಸಿ, ಬೆನ್ನು ಮತ್ತು ಪೃಷ್ಠವನ್ನು ನೋಡಿ, ಕಂಡದ್ದನ್ನು ಬರೆದು ವಾರ್ಡಿಗೆ ಒಪ್ಪಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯ 19 ಅಂಶಗಳಲ್ಲಿ ‘ದ್ರಾವಣ ಒಣಗಿದೆಯೇ’ ಎಂಬುದಿಲ್ಲ. ಆದರೆ ಆಯಾ ಆಸ್ಪತ್ರೆ ತನಗೆ ಬೇಕಾದ ಅಂಶವನ್ನು ಸೇರಿಸಿಕೊಳ್ಳಲು ಅದರಲ್ಲಿಯೇ ಅವಕಾಶವಿದೆ. ಇಪ್ಪತ್ತನೆಯದಾಗಿ ಇದನ್ನು ಸೇರಿಸಲು ಖರ್ಚೇನೂ ಇಲ್ಲ.

ಇದು ವೈದ್ಯಕೀಯ ನಿರ್ಲಕ್ಷ್ಯವೇ? ದೂರು ಕೊಡಬಹುದೇ?

ಗಾಯವಾದ ಮಾತ್ರಕ್ಕೆ ನಿರ್ಲಕ್ಷ್ಯವಾಯಿತೆಂದು ಹೇಳಲಾಗದು. ತಿಳಿಯದಿದ್ದ ಅಲರ್ಜಿಗೆ ಯಾರನ್ನೂ ದೂರಲಾಗದು. ದ್ರಾವಣ ನಿಂತು ಸುಟ್ಟ ಗಾಯದ ಮಾತು ಬೇರೆ. ಅದು ಹೆಚ್ಚಿನಂಶ ತಪ್ಪಿಸಬಹುದಾದದ್ದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆದರೂ ಮೊದಲು ಶಸ್ತ್ರವೈದ್ಯರೊಡನೆ ಮಾತಾಡಿ ವಿವರಣೆ ಕೇಳುವುದು, ಗಾಯದ ಫೋಟೋಗಳನ್ನು ದಿನಾಂಕದೊಂದಿಗೆ ಇಟ್ಟುಕೊಳ್ಳುವುದು ಮತ್ತು ದಾಖಲೆಗಳ ಪ್ರತಿಯನ್ನು ಲಿಖಿತವಾಗಿ ಕೇಳುವುದು ಸರಿಯಾದ ದಾರಿ. ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿನೀತಿಯ 2002ರ ನಿಯಮಗಳು ಹೇಳುತ್ತವೆ.

ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ನೀಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಸಲ್ಲಿಸಲು ಸಾಮಾನ್ಯವಾಗಿ 2 ವರ್ಷಗಳ ಕಾಲಮಿತಿಯಿದೆ. ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಬಗ್ಗೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೂ ದೂರು ಕೊಡಬಹುದು. ಯಾರನ್ನೂ ದೂರದೆ, ಔಷಧಿಯಿಂದಾದ ತೊಂದರೆಯನ್ನಷ್ಟೇ ದಾಖಲಿಸಬೇಕೆಂದಿದ್ದರೆ ಭಾರತದ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಯೇ ಕರೆ ಮಾಡಬಹುದು. ಈ ದಾರಿ ಬಹಳ ಕಡಿಮೆ ಜನರಿಗೆ ಗೊತ್ತಿದೆ.

ಮನೆಯಲ್ಲಿ ಡೆಟಾಲನ್ನು ನೇರವಾಗಿ ಹಚ್ಚಿದರೂ ಹೀಗೆಯೇ ಆಗುತ್ತದೆಯೇ?

ಆಗುತ್ತದೆ, ಬೇಗನೇ ಆಗುತ್ತದೆ. ಅದರಲ್ಲಿ ಶೇ. 4.8ರಷ್ಟು ಕ್ಲೋರೊಕ್ಸಿಲೆನಾಲ್ ಇದ್ದು, ನೀರು ಬೆರೆಸಿಯೇ ಬಳಸಬೇಕೆಂದು ಬಾಟಲಿಯ ಮೇಲೆ ಬರೆದಿರುತ್ತದೆ. ‘ಚೆನ್ನಾಗಿ ಕೆಲಸ ಮಾಡಲಿ’ ಎಂದು ನೀರು ಬೆರೆಸದೆ ಹತ್ತಿಯಲ್ಲಿ ನೆನೆಸಿ ಗಾಯದ ಮೇಲಿಟ್ಟು ಬಟ್ಟೆ ಕಟ್ಟುವುದು, ಮಕ್ಕಳ ತೊಡೆಸಂದಿನ ತುರಿಕೆಗೆ ಹಚ್ಚಿ ಚಡ್ಡಿ ಹಾಕಿಸುವುದು, ಇವೆಲ್ಲ ಓಟಿಯ ಮೇಜನ್ನು ಮನೆಯಲ್ಲಿಯೇ ನಿರ್ಮಿಸಿದಂತೆ. ಸಣ್ಣ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ತೊಳೆದರೆ ಸಾಕು. ಶಸ್ತ್ರಚಿಕಿತ್ಸೆಯ ಹೊಲಿಗೆಗೆ ಮನೆಯಲ್ಲಿ ಏನನ್ನು ಹಚ್ಚಬೇಕು, ಏನನ್ನೂ ಹಚ್ಚದೆ ಬಿಡಬೇಕೇ ಎಂಬುದನ್ನು ಡಿಸ್ಚಾರ್ಜ್ ಆಗುವ ದಿನವೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿರಿ.